ಆನೆಗೊಂದಿ ಸುತ್ತು: ಒಮ್ಮೆ ಜೀಪಿನಲ್ಲಿ, ಒಮ್ಮೆ ಕಾಲಿನಲ್ಲಿ

ಹೋದ ವರ್ಷದ ಕೊನೆಗೆ, ಹಂಪಿಯ ಎದುರು ತುಂಗಭದ್ರಾ ನದಿಯ ಇನ್ನೊಂದು ದಂಡೆಯಲ್ಲಿರೋ ಆನೆಗೊಂದಿಗೆ ಎರಡು ಸಾರಿ ಹೋದೆ. ಮೊದಲ ಸಾರಿ ದುಡ್ಡು ಕೊಟ್ಟು, ಎರಡನೇ ಸಾರಿ ಪುಕ್ಕಟೆ. ಪುಕ್ಕಟೆ ಹೋಗಿದ್ದೇ ಚೆನ್ನಾಗಿತ್ತು, ಅದಕ್ಕೇ ಬರೀತಾ ಇದ್ದೇನೆ.

ಮೊದಲು ದುಡ್ಡಿನ ಕಥೆ ಮುಗಿಸಿಬಿಡುತ್ತೇನೆ. 'ಪಾರಂಪರಿಕ ನಡಿಗೆ' ಅಂತ ವಾಟ್ಸಾಪಿನಲ್ಲಿ ಒಂದು ಪೋಸ್ಟರ್ ಓಡಾಡುತ್ತಿತ್ತು. ತಲೆಗೆ 1800 ರೂಪಾಯಿ, ತಿಂಡಿ-ಊಟ ಸೇರಿ, ಬಳ್ಳಾರಿಯಿಂದ ಬಳ್ಳಾರಿಗೆ. ಅವರ ಹೆಸರು ಬೇಡ ಬಿಡಿ. ನಡಿಗೆ ಅಂದಿದ್ದಾರಲ್ಲ ಅಂತ ನಾನು ಹೊಸ ಬೂಟು ಬೇರೆ ತಗೊಂಡೆ. ಅಲ್ಲಿ ನೋಡಿದರೆ ಜೀಪು. ಜೀಪಿನಿಂದ ಇಳಿ, ಫೋಟೋ ತಗೋ, ಹತ್ತು. ಮತ್ತೆ ಇಳಿ, ಫೋಟೋ, ಹತ್ತು. ಎಲ್ಲಾ ಕಡೆ ಹತ್ತೇ ನಿಮಿಷ, ಊಟಕ್ಕೆ ಮಾತ್ರ ಒಂದೂವರೆ ತಾಸು. ಅಂಜನಾದ್ರಿ ಗುಡ್ಡದ ಮೆಟ್ಟಿಲು ಬಿಟ್ಟರೆ ಅವತ್ತು ನಾನು ನಡೆದಿದ್ದು ನಮ್ಮ ಓಣಿಯಿಂದ ಮೋತಿ ಸರ್ಕಲ್ಲಿಗೆ ಹೋದಷ್ಟೂ ಇಲ್ಲ. ಕೇಳಿದ್ದಕ್ಕೆ, 'ಸಾರ್, ಈ ಬಿಸಿಲಿಗೆ ಯಾರು ನಡೀತಾರೆ' ಅಂದರು. ನವೆಂಬರ್ ತಿಂಗಳದು ಎಂಥಾ ಬಿಸಿಲು!

ವಾಪಸ್ ಬಂದ ಮೇಲೆ ನನಗೆ ಒಂದು ವಿಷಯ ಕಾಡಿತು. ಆರು ಜಾಗ ನೋಡಿದ್ದೆ, ಆದರೆ ಒಂದರಿಂದ ಇನ್ನೊಂದು ಎಷ್ಟು ದೂರ, ಯಾವುದು ನದಿ ಕಡೆ, ಯಾವುದು ಗುಡ್ಡದ ಕಡೆ, ಕೋಟೆ ಅಂತಾರಲ್ಲ ಅದು ಶುರು ಎಲ್ಲಿ, ಮುಗಿಯೋದು ಎಲ್ಲಿ, ಯಾವುದೂ ಗೊತ್ತಾಗಿರಲಿಲ್ಲ. ಆರು ಪೋಸ್ಟ್ ಕಾರ್ಡ್ ನೋಡಿದ ಹಾಗೆ. ಅದಕ್ಕೆ ಡಿಸೆಂಬರಿನಲ್ಲಿ ನಮ್ಮ ಭಾವನನ್ನು, ಅಂದರೆ ಅಕ್ಕನ ಗಂಡನನ್ನು, ಹೊರಡಿಸಿಕೊಂಡು ಮತ್ತೆ ಹೋದೆ. ಊರ ನಡುವಿನಿಂದ ಹೊರಟು, ಸುತ್ತು ಹಾಕಿ, ಅದೇ ಜಾಗಕ್ಕೆ ವಾಪಸ್ ಬರೋದು. ಅಷ್ಟೇ ಪ್ಲಾನು.

ಬಳ್ಳಾರಿಯಿಂದ ಕಂಪ್ಲಿ ಮೇಲೆ ಗಂಗಾವತಿ, ಅಲ್ಲಿಂದ ಆನೆಗೊಂದಿ ಬಸ್ಸು. ಮಳೆಗಾಲದಲ್ಲಿ ತುಂಗಭದ್ರಾ ಡ್ಯಾಮಿನಿಂದ ಜಾಸ್ತಿ ನೀರು ಬಿಟ್ಟರೆ ಕಂಪ್ಲಿ ಸೇತುವೆ ಮುಳುಗುತ್ತದೆ, ಹಾಗಾಗಿ ಆಗಸ್ಟಿನಲ್ಲಿ ಹೋಗೋರು ಮೊದಲು ವಿಚಾರಿಸಿಕೊಳ್ಳಿ. ಹೊಸಪೇಟೆ ಕಡೆಯಿಂದ ಬರೋರಿಗೆ ಬುಕ್ಕಸಾಗರ-ಕಡೆಬಾಗಿಲು ಸೇತುವೆ ಇದೆ. ಆನೆಗೊಂದಿಗೇ ನೇರ ಒಂದು ಸೇತುವೆ ಕಟ್ಟುತ್ತಿದ್ದರು, 2009ರ ಜನವರಿಯಲ್ಲಿ ಅದು ಕುಸಿದು ಬಿತ್ತು, ಕೂಲಿಕಾರರು ಸತ್ತರು. ಈ ಜಾಗದಲ್ಲಿ ಸೇತುವೆ ಕಟ್ಟೋ ಗಲಾಟೆಯಿಂದಲೇ ಹಂಪಿಯನ್ನು ಯುನೆಸ್ಕೋದವರು 1999ರಿಂದ 2006ರವರೆಗೆ ಅಪಾಯದ ಪಟ್ಟಿಯಲ್ಲಿ ಇಟ್ಟಿದ್ದರು. ಹಂಪಿ ಅಂದರೆ ನದಿಯ ಆ ದಂಡೆ ಮಾತ್ರ ಅಲ್ಲ, 1986ರಲ್ಲಿ ಪಟ್ಟಿಗೆ ಸೇರಿದ ವಿಶ್ವ ಪರಂಪರೆಯ ತಾಣದ ಲೆಕ್ಕದಲ್ಲಿ ಆನೆಗೊಂದಿಯೂ ಬರುತ್ತದೆ. ಇದು ಆ ಜೀಪಿನವರೂ ಹೇಳಲಿಲ್ಲ.

ಬೆಳಿಗ್ಗೆ ಏಳಕ್ಕೆಲ್ಲ ಆನೆಗೊಂದಿಯಲ್ಲಿ ಇಳಿದೆವು. ಮೊದಲು ತಿಂಡಿ. ರಂಗನಾಥಸ್ವಾಮಿ ಗುಡಿ ಹತ್ತಿರ ಒಂದು ಸಣ್ಣ ಹೋಟೆಲ್, ತಗಡಿನ ಮಾಡು, ಎರಡು ಬೆಂಚು. ವಗ್ಗರಣಿ-ಮಿರ್ಚಿ ಬಿಟ್ಟರೆ ಬೇರೆ ಏನೂ ಇಲ್ಲ, ಬೇಕಾಗಿಯೂ ಇಲ್ಲ. ಮಂಡಕ್ಕಿ ಹದವಾಗಿ ನೆನೆದಿತ್ತು, ಪುಟಾಣಿ ಹಿಟ್ಟು ಕೈ ಬಿಟ್ಟು ಹಾಕಿದ್ದರು, ಮಿರ್ಚಿ ಬಾಣಲೆಯಿಂದ ನೇರ ತಟ್ಟೆಗೆ. 'ಎರಡು ಸಾಕೇನ್ರಿ? ಗುಡ್ಡ ಹತ್ತೋರು ನಾಕು ತಿಂತಾರ' ಅಂದಳು ಅಜ್ಜಿ. ಭಾವ ಐದು ತಿಂದರು. ಆಮೇಲೆ ಅದು ಒಂಬತ್ತು ಗಂಟೆಗೆ ಅವರಿಗೇ ತೊಂದರೆ ಕೊಟ್ಟಿತು, ಆ ಮಾತು ಬೇರೆ.

ಆನೆಗೊಂದಿ ಬರೀ ಹಳೇ ಕಲ್ಲಿನ ಊರಲ್ಲ, ಜನ ಇರೋ ಊರು. ಇದು ನನಗೆ ಹಂಪಿಗಿಂತ ಇಷ್ಟವಾಗೋ ಕಾರಣ. ಹಳೇ ಅರಮನೆ ಗಗನ ಮಹಲಿನ ಮುಂದೆ ಎಮ್ಮೆ ಕಟ್ಟಿರುತ್ತಾರೆ, ಕಟ್ಟೆ ಮೇಲೆ ಹಿರಿಯರು ಕೂತಿರುತ್ತಾರೆ, ಹಳೇ ಕಂಬ ಒಂದು ಯಾರದೋ ಮನೆ ಪಡಸಾಲೆ ಹಿಡಿದು ನಿಂತಿರುತ್ತದೆ. ಗಗನ ಮಹಲ್ ಬಾಗಿಲು ಎರಡು ಸಾರಿಯೂ ಮುಚ್ಚಿತ್ತು, ಹೊರಗಿಂದ ಕಿಟಕಿ ನೋಡಿದ್ದಷ್ಟೇ ಲಾಭ. ವಿಜಯನಗರ ಹುಟ್ಟಿದ್ದು 1336ರಲ್ಲಿ ಅಂತ ಶಾಲೆಯಲ್ಲಿ ಓದಿದ್ದೀವಲ್ಲ, ಅದಕ್ಕೂ ಮೊದಲೇ ಇಲ್ಲಿ ಕೋಟೆ ಇತ್ತು, ಈ ಕಡೆ ಆಳುತ್ತಿದ್ದ ಕಂಪಿಲರಾಯನ ಕಾಲದ್ದು. 1327ರ ಹೊತ್ತಿಗೆ ದೆಹಲಿಯ ತುಘಲಕನ ಸೈನ್ಯ ಬಂದು ಅವನನ್ನು ಮುಗಿಸಿತು. ಆಮೇಲೆ ರಾಜಧಾನಿ ನದಿ ದಾಟಿ ಆ ಕಡೆ ಹೋಯಿತು. 1565ರಲ್ಲಿ ಆ ಕಡೆಯದು ಹಾಳಾಯಿತು, ಈ ಕಡೆಯದು ಊರಾಗಿ ಉಳಿಯಿತು. ವಿಜಯನಗರದ ಕೊನೆಯ ರಾಜಮನೆತನ ಅರವೀಡು, ಅದರ ವಂಶದವರು ಆಮೇಲೆ ಇಲ್ಲಿ ನೆಲೆಸಿದರು.

ಊರಿಂದ ನದಿ ಕಡೆ ಇಳಿಯುವ ದಾರಿಯಲ್ಲಿ ಹುಚ್ಚಪ್ಪಯ್ಯನ ಮಠ. ಇದನ್ನು ಜೀಪಿನವರು ನಿಲ್ಲಿಸಲೇ ಇಲ್ಲ. ಹೊರಗಿಂದ ನೋಡಿದರೆ ಏನೂ ಇಲ್ಲ ಅನಿಸುತ್ತದೆ. ಒಳಗೆ ಹೋದರೆ ಕಪ್ಪು ಕಲ್ಲಿನ ಕಂಬಗಳು, ಬಡಗಿ ಮರ ಕಡೆದ ಹಾಗೆ ಉಂಗುರ ಉಂಗುರವಾಗಿ ಕಡೆದಿದ್ದು. ಕೈ ಇಟ್ಟರೆ ತಣ್ಣಗೆ, ನುಣ್ಣಗೆ. ಚಾವಣಿಯಲ್ಲಿ ಹಳೇ ಬಣ್ಣದ ಚಿತ್ರ ಇದೆ, ತಲೆ ಎತ್ತಿ ಕತ್ತು ನೋಯೋವರೆಗೆ ನೋಡಿದೆವು. ಇಪ್ಪತ್ತು ನಿಮಿಷ ಇದ್ದೆವು, ಇನ್ನೊಂದು ನರಪಿಳ್ಳೆ ಬರಲಿಲ್ಲ.

ಅಲ್ಲಿಂದ ಬಂಡೆ ಮೇಲೆ ನಡೆದು ಹೋದರೆ ಅರವತ್ನಾಲ್ಕು ಕಂಬದ ಮಂಟಪ. ಕೃಷ್ಣದೇವರಾಯನ ಸಮಾಧಿ ಅಂತ ಊರವರು ಹೇಳುತ್ತಾರೆ. ರಾಯ ತೀರಿಕೊಂಡಿದ್ದು 1529ರಲ್ಲಿ. ಸಮಾಧಿಯೋ ಅಲ್ಲವೋ, ಜಾಗ ಮಾತ್ರ ರಾಯನಿಗೆ ತಕ್ಕದ್ದು. ಮಳೆಗಾಲದಲ್ಲಿ ಡ್ಯಾಮಿನ ಗೇಟು ತೆಗೆದರೆ ಮಂಟಪ ಕಂಬದವರೆಗೂ ಮುಳುಗುತ್ತದೆ, ಪೇಪರಿನಲ್ಲಿ ಪ್ರತಿ ವರ್ಷ ಅದೇ ಫೋಟೋ ಬರುತ್ತದೆ ನೋಡಿ. 2024ರ ಆಗಸ್ಟಿನಲ್ಲಿ ಹತ್ತೊಂಬತ್ತನೇ ಗೇಟೇ ಕೊಚ್ಚಿಕೊಂಡು ಹೋಯಿತಲ್ಲ, ಆಗ ಈ ಕಡೆಯವರು ನಿದ್ದೆ ಮಾಡಿಲ್ಲ. ನಾವು ಹೋದಾಗ ನೀರು ಕೆಳಗಿತ್ತು. ಕಂಬಗಳ ಬುಡದಲ್ಲಿ ಒಣಗಿದ ಜೊಂಡು ಸಿಕ್ಕಿಕೊಂಡಿತ್ತು, ಒಂದು ಹವಾಯಿ ಚಪ್ಪಲಿಯೂ. ನೀರು ಎಲ್ಲಿವರೆಗೆ ಏರಿತ್ತು ಅಂತ ಆ ಚಪ್ಪಲಿಯೇ ಗುರುತು.

ನವಬೃಂದಾವನ ಎದುರಿಗೇ, ನದಿ ನಡುವಿನ ನಡುಗಡ್ಡೆ. ಒಂಬತ್ತು ಮಾಧ್ವ ಯತಿಗಳ ಬೃಂದಾವನ, ಅದರಲ್ಲಿ ಒಂದು ವ್ಯಾಸರಾಜರದು, 1539ರಲ್ಲಿ ಬೃಂದಾವನಸ್ಥರಾದವರು. 2019ರ ಜುಲೈನಲ್ಲಿ ನಿಧಿ ಆಸೆಗೆ ಯಾರೋ ಅದನ್ನೇ ಕೆಡವಿ ಹಾಕಿದ್ದರು. ಭಕ್ತರು ಬಂದು ತಡ ಮಾಡದೆ ಮತ್ತೆ ಕಟ್ಟಿದರು. ದೋಣಿಯಲ್ಲಿ ಹೋಗಿ ಬರಲು ಒಂದು ತಾಸು ಬೇಕೇ ಬೇಕು. ಜೀಪಿನ ಸಾರಿ ಹೋಗಿದ್ದೆನಲ್ಲ, ಈ ಸಲ ದಂಡೆಯಿಂದಲೇ ಕೈ ಮುಗಿದೆವು. ನೀವು ಹೋಗೋರಾದರೆ ನಡಿಗೆಗೆ ಸೇರಿಸಬೇಡಿ, ಅದಕ್ಕೆ ಬೇರೆ ದಿನ ಇಟ್ಟುಕೊಳ್ಳಿ.

ಚಿಂತಾಮಣಿ ಗುಡಿಗೆ ದಾರಿ ಬಾಳೆ ತೋಟದ ಪಕ್ಕದಲ್ಲಿ. ಇಲ್ಲಿ ಗುಹೆ ಇದೆ, ನದಿಗೆ ಮುಖ ಮಾಡಿದ ಮಂಟಪ ಇದೆ. ರಾಮ ವಾಲಿಗೆ ಬಾಣ ಬಿಟ್ಟಿದ್ದು ಇಲ್ಲಿ ನಿಂತು ಅಂತ ನಂಬಿಕೆ. ಮಂಟಪದಲ್ಲಿ ಕೂತರೆ ಎದುರು ದಂಡೆ ಹಂಪಿಯದು, ನಡುವೆ ಬಂಡೆಗಳ ಸಂದಿನಲ್ಲಿ ನೀರು. ನಾವು ಕೂತಲ್ಲೇ ಕೂತೆವು. ಭಾವ ಆಗ ಒಂದು ಮಾತು ಹೇಳಿದರು. ಅವರ ಅಜ್ಜನ ಕಾಲಕ್ಕೆ ಆ ದಂಡೆ ಮದ್ರಾಸಿನದು, ಈ ದಂಡೆ ನಿಜಾಮರದು. ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರಲ್ಲಿ, ಈ ಕಡೆಯವರು ಬಂದಿದ್ದು 1956ರಲ್ಲಿ. 'ಹೆಣ್ಣು ಕೊಡೋದು ತರೋದು ಎಲ್ಲಾ ನಡೀತಿತ್ತು, ರೊಕ್ಕ ಮಾತ್ರ ಬ್ಯಾರೆ ಬ್ಯಾರೆ' ಅಂದರು. ನದಿ ನೋಡುತ್ತಾ ಇದನ್ನು ಕೇಳಿದರೆ ಒಂಥರಾ ಅನಿಸುತ್ತದೆ. ಹತ್ತು ನಿಮಿಷದ ಲೆಕ್ಕದಲ್ಲಿ ಇದು ಸಿಗೋದಿಲ್ಲ.

ಈಗ ಒನಕೆ ಕಿಂಡಿ, ಹಳೇ ಬಂಡೆ ಚಿತ್ರಗಳ ಜಾಗ. ಇದೊಂದಕ್ಕೇ ನಾನು ಈ ನಡಿಗೆಗೆ ಪೂರ್ತಿ ಅಂಕ ಕೊಡುತ್ತೇನೆ.

ಊರಿಗೆ ವಾಪಸ್ ಬಂದು ಆ ಕಡೆ ಗುಡ್ಡದ ಸಾಲಿನತ್ತ ಗದ್ದೆ ದಾಟಿ ಹೋಗಬೇಕು. ಬೋರ್ಡು ಕಣ್ಣಿಗೆ ಬೀಳಲಿಲ್ಲ. ಫೋನಿನ ನಕ್ಷೆ ನಮ್ಮನ್ನು ಒಬ್ಬರ ಬಾಳೆ ತೋಟದ ಮಧ್ಯ ನಿಲ್ಲಿಸಿ 'ತಲುಪಿದ್ದೀರಿ' ಅಂತು. ಭತ್ತದ ಕೊಯ್ಲು ನಡೆದಿತ್ತು, ಮಿಷನ್ನಿನ ಸದ್ದು, ಹೊಟ್ಟಿನ ದೂಳು. ತಲೆಗೆ ಟವೆಲ್ ಸುತ್ತಿಕೊಂಡ ಒಬ್ಬರು ನಮ್ಮನ್ನು ನೋಡಿ ದೂರದಿಂದಲೇ ಕೂಗಿದರು: 'ಎಲ್ಲಿಗೆ ಹೊಂಟೀರಿ ಅಣ್ಣಾರ? ಚಿತ್ರ ನೋಡಾಕ ಏನು? ಆ ಕಡಿ ಬದು ಹಿಡಕೊಂಡು ಹೋಗ್ರಿ, ಗದ್ಯಾಗ ಇಳೀಬ್ಯಾಡ್ರಿ, ಕೆಸರೈತಿ.' ನಾನು ಬದು ಹಿಡಿದೆ. ಭಾವ ಹತ್ತಿರದ ದಾರಿ ಅಂತ ಇಳಿದರು. ಮೊಣಕಾಲಿನವರೆಗೆ ಹೂತರು. ಆ ರೈತ ನಕ್ಕು, ನಕ್ಕು, ಆಮೇಲೆ ಬಂದು ಕೈ ಕೊಟ್ಟು ಎತ್ತಿದರು. 'ಹೇಳಿದ್ದೆನಲ್ರೀ' ಅಂದರು ಅಷ್ಟೇ.

ಕಿಂಡಿ ಅಂದರೆ ಎರಡು ಗುಡ್ಡಗಳ ನಡುವಿನ ಸಂದು. ಅಡ್ಡಕ್ಕೆ ಕೋಟೆ ಗೋಡೆ, ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲು. ಗೋಡೆ ಎಲ್ಲಿ ಮುಗಿದು ಬಂಡೆ ಎಲ್ಲಿ ಶುರುವಾಯಿತು ಅನ್ನೋದು ಗೊತ್ತಾಗೋದಿಲ್ಲ. ಆಗ ನನಗೆ ತಲೆಗೆ ಹೊಳೆಯಿತು. ಈ ಕೋಟೆಗೆ ಅರ್ಧ ಕೆಲಸ ಗುಡ್ಡವೇ ಮಾಡಿಕೊಟ್ಟಿದೆ, ಸಂದು ಇದ್ದ ಕಡೆ ಮಾತ್ರ ಮನುಷ್ಯರು ತುಂಬಿದ್ದಾರೆ. ಬೆಳಿಗ್ಗೆಯಿಂದ ನಾವು ನಡೆದದ್ದು ಒಂದು ಕಡೆ ನದಿ, ಒಂದು ಕಡೆ ಈ ಗುಡ್ಡದ ಸಾಲು, ನಡುವೆ ಊರು-ಗದ್ದೆ. ಶತ್ರು ಬಂದರೂ ಎಲ್ಲಿಂದ ಬರಬೇಕು? ಜೀಪಿನಲ್ಲಿ ಮೂರು ಸಾರಿ 'ಇದು ಕೋಟೆ' ಅಂತ ತೋರಿಸಿದ್ದರು, ಒಂದು ಸಾರಿಯೂ ಅರ್ಥ ಆಗಿರಲಿಲ್ಲ. ಕಾಲು ನೋಯಿಸಿಕೊಂಡ ಮೇಲೆ ಅರ್ಥ ಆಯಿತು.

ಚಿತ್ರಗಳು ಬಂಡೆಯ ಮೈಮೇಲೆ. ಮೊದಲು ಏನೂ ಕಾಣೋದಿಲ್ಲ. ಕಣ್ಣು ಒಗ್ಗಿದ ಮೇಲೆ ಒಂದೊಂದಾಗಿ ಎದ್ದು ಬರುತ್ತವೆ. ಕೆಮ್ಮಣ್ಣಿನ ಬಣ್ಣದಲ್ಲಿ ದನ, ಕೊಂಬು ಹೊರಳಿದ್ದು. ಕಡ್ಡಿ ಕಡ್ಡಿ ಮನುಷ್ಯರು. ಒಂದು ದೊಡ್ಡ ವೃತ್ತ, ಅದರೊಳಗೆ ಮನುಷ್ಯನ ಆಕಾರ. ಅದು ಬೃಹತ್ ಶಿಲಾಯುಗದವರ ಸಮಾಧಿಯ ಚಿತ್ರ ಅಂತಾರೆ. ಇಲ್ಲೇ ಗಂಗಾವತಿ ಹತ್ತಿರ ಹಿರೇಬೆಣಕಲ್ಲಿನ ಮೋರೇರ ಗುಡ್ಡದಲ್ಲಿ ಅಂಥ ನೂರಾರು ಕಲ್ಮನೆಗಳು ನಿಂತೇ ಇವೆ, ಹಾಗಾಗಿ ಇದು ನಂಬಲಾಗದ ಮಾತೇನಲ್ಲ. ಕೃಷ್ಣದೇವರಾಯ ಇಲ್ಲಿಗೆ ಬಂದಿದ್ದರೂ ಅವನಿಗೂ ಇದು ಹಳೇದೇ ಆಗಿತ್ತು! ನಾನು ಬಂಡೆಯಿಂದ ಒಂದು ಗೇಣು ದೂರದಲ್ಲಿ ನಿಂತು ನೋಡಿದೆ. ದನದ ಬೆನ್ನಿನ ಗೆರೆ ಒಂದೇ ಎಳೆತದಲ್ಲಿ ಬಂದಿದೆ, ಕೈ ನಡುಗಿಲ್ಲ, ತಿದ್ದಿಲ್ಲ. ಬಣ್ಣ ಕಲ್ಲಿನ ಒರಟು ಮೈಯಲ್ಲಿ ಇಳಿದು ಕೂತಿದೆ.

ಅದರ ಪಕ್ಕದಲ್ಲೇ ಯಾರೋ ಪುಣ್ಯಾತ್ಮ ಸುಣ್ಣದ ಕಲ್ಲಿನಲ್ಲಿ ಹೃದಯ ಬರೆದು ಒಳಗೆ ಎರಡು ಅಕ್ಷರ ಗೀಚಿದ್ದಾನೆ. ಬಾಯಿಗೆ ಬಂದಿದ್ದು ಇಲ್ಲಿ ಬರೆಯೋ ಹಾಗಿಲ್ಲ. ಬೇಲಿ ಇಲ್ಲ, ಕಾವಲು ಇಲ್ಲ. ಒಂದು ಫಲಕ ಆದರೂ ಹಾಕಬಾರದಾ? ದಯವಿಟ್ಟು ಹೋದವರು ಮುಟ್ಟಬೇಡಿ, ಫೋಟೋ ಚೆನ್ನಾಗಿ ಬರಲಿ ಅಂತ ನೀರು ಎರಚಬೇಡಿ. ಹಾಗೆ ಮಾಡೋರು ಇದ್ದಾರೆ.

ದುರ್ಗಾದೇವಿ ಗುಡಿ ಹೊತ್ತಿಗೆ ಹನ್ನೊಂದೂವರೆ. ಮರದ ತುಂಬಾ ಬಟ್ಟೆಯಲ್ಲಿ ಕಟ್ಟಿದ ತೆಂಗಿನಕಾಯಿ, ಹರಕೆಯವು. ಭಾವನವರೂ ಒಂದು ಕಟ್ಟಿದರು, ಏನು ಕೇಳಿಕೊಂಡರು ಅಂತ ಹೇಳಲಿಲ್ಲ, ಮಂಡಿ ನೋವಿನದೇ ಇರಬೇಕು. ಗುಡಿ ಹಿಂದೆ ಕೋಟೆ ಬಾಗಿಲು, ಮುಂದೆ ಹೋದರೆ ವಾಲಿಯ ಗುಹೆ ಅಂತ ತೋರಿಸುತ್ತಾರೆ. ಬಾಗಿಲಿನವರೆಗೆ ಹೋಗಿ ನೆರಳಿನಲ್ಲಿ ಮಲಗಿದೆವು.

ಪಂಪಾ ಸರೋವರದ ಬಗ್ಗೆ ಜಾಸ್ತಿ ಹೇಳೋದಿಲ್ಲ. ಮಾನಸ ಸರೋವರದ ಜೊತೆ ಐದು ಪವಿತ್ರ ಸರೋವರಗಳ ಲೆಕ್ಕದಲ್ಲಿ ಇದರ ಹೆಸರು ಬರುತ್ತದೆ, ಶಬರಿ ಕಾದಿದ್ದು ಇಲ್ಲೇ ಅಂತಾರೆ. ಹೆಸರು ಕೇಳಿ ಕೆರೆ ಅಂದುಕೊಂಡು ಬಂದವರಿಗೆ ಕಾಣೋದು ಕಲ್ಲು ಕಟ್ಟಿದ ಸಣ್ಣ ಕೊಳ. ನೆರಳು ಚೆನ್ನಾಗಿದೆ, ಕಾಲು ಚಾಚಿ ಬುತ್ತಿ ಬಿಚ್ಚಲು ಅಡ್ಡಿಯಿಲ್ಲ. ಅಕ್ಕ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ. ಕೋತಿ ಕಣ್ಣು ತಪ್ಪಿಸಿ ತಿನ್ನಬೇಕು.

ಅಂಜನಾದ್ರಿಗೆ ಮಧ್ಯಾಹ್ನ ಎರಡಕ್ಕೆ ಹತ್ತಲು ಶುರು ಮಾಡಿದ್ದು ನಮ್ಮ ತಪ್ಪು. 575 ಮೆಟ್ಟಿಲು. ಲೆಕ್ಕ ಇಡಬೇಡಿ, ಲೆಕ್ಕ ಇಟ್ಟರೆ ಇನ್ನೂ ಜಾಸ್ತಿ ಅನಿಸುತ್ತದೆ. ಮೇಲೆ ಹನುಮಂತನ ಗುಡಿ, ಸುಣ್ಣ ಬಳಿದ ಗೋಡೆ, ಜನ. ಭಕ್ತಿ ಇರೋರಿಗೆ ಅದು ಅವರ ಜಾಗ, ನಾನೇನೂ ಹೇಳೋದಿಲ್ಲ. ನನಗೆ ಬೇಕಾಗಿದ್ದು ಮೇಲಿನಿಂದ ಕಾಣೋ ನೋಟ. ಬೆಳಿಗ್ಗೆಯಿಂದ ನಡೆದ ದಾರಿ ಪೂರ್ತಿ ಕೆಳಗೆ ಬಿಚ್ಚಿಕೊಂಡಿತ್ತು. ಆ ಕಡೆ ನದಿ ಹೊರಳಿದ್ದು, ಈ ಕಡೆ ಗುಡ್ಡದ ಸಾಲು, ಅರ್ಧ ಕೊಯ್ದ ಗದ್ದೆ, ತೆಂಗಿನ ತೋಟ. ಭಾವ ಬೆರಳು ಮಾಡಿ 'ಅಗಾ, ನಾ ಹೂತಿದ್ದು ಅಲ್ಲಿ' ಅಂದರು. ಜೀಪಿನ ಸಾರಿ ಇದೇ ಜಾಗದಲ್ಲಿ ನಿಂತು 'ಬ್ಯೂಟಿಫುಲ್' ಅಂತ ಹೇಳಿ ಇಳಿದಿದ್ದೆ, ಕೆಳಗೆ ಏನಿದೆ ಅಂತ ಆಗ ಗೊತ್ತಿದ್ದರೆ ತಾನೇ?

ಒಂದು ಎಚ್ಚರಿಕೆ. ಶನಿವಾರ ಬೇಡ. ಡಿಸೆಂಬರಿನಲ್ಲಿ ಹನುಮಮಾಲೆ ವಿಸರ್ಜನೆ ದಿನವಂತೂ ಮಾಲೆ ಹಾಕಿದವರು ಸಾವಿರ ಸಾವಿರ ಬರುತ್ತಾರೆ, ಅವತ್ತು ದರ್ಶನಕ್ಕೆ ಹೋಗೋದು ಸರಿ, ನಡಿಗೆಗೆ ಹೋದರೆ ಮೆಟ್ಟಿಲ ಬುಡದಲ್ಲೇ ದಿನ ಮುಗಿಯುತ್ತದೆ. ನಾವು ಮಂಗಳವಾರ ಹೋಗಿದ್ದೆವು, ಪರವಾಗಿರಲಿಲ್ಲ.

ವಾಪಸ್ ದಾರಿಗೆ ಆಟೋದವರು ನಾಲ್ಕು ಜನ ಕರೆದರು. ಭಾವ ಒಂದು ಕಾಲು ಒಳಗೆ ಇಟ್ಟೇ ಬಿಟ್ಟಿದ್ದರು. ಎಳೆದೆ. ಕಾಲುವೆ ಪಕ್ಕದ ದಾರಿ ಹಿಡಿದೆವು. ಈ ಭಾಗದಲ್ಲಿ ವಿಜಯನಗರ ಕಾಲದ ಕಾಲುವೆಗಳು ಈಗಲೂ ನೀರು ಹರಿಸುತ್ತಿವೆ. ಗಂಗಾವತಿ ಭತ್ತದ ಕಣಜ ಆಗಿದ್ದು ಡ್ಯಾಮಿನಿಂದ ನಿಜ, ಆದರೆ ನದಿಗೆ ಅಣೆಕಟ್ಟು ಹಾಕಿ ನೀರು ತಿರುಗಿಸೋ ವಿದ್ಯೆ ಇಲ್ಲಿ ಡ್ಯಾಮಿಗಿಂತ ಎಷ್ಟೋ ಹಳೇದು. ಗುಡಿ ಹಾಳಾಯಿತು, ಮಹಲಿಗೆ ಬೀಗ, ಕಾಲುವೆ ಮಾತ್ರ ದುಡಿಯುತ್ತಾ ಇದೆ. ಒಬ್ಬ ಹೆಂಗಸು ಅದರಲ್ಲಿ ಪಾತ್ರೆ ತೊಳೆಯುತ್ತಿದ್ದಳು. ರಸ್ತೆ ಅರ್ಧ ಭಾಗಕ್ಕೆ ಭತ್ತ ಹರವಿದ್ದರು, ತುಳಿಯದ ಹಾಗೆ ಅಂಚಿನಲ್ಲಿ ನಡೆದೆವು. ಈ ಕೊನೆ ಒಂದು ಗಂಟೆ ಬಿಸಿಲು ಇಳಿದ ಮೇಲೆ ನಡೆದಿದ್ದು, ಇಡೀ ದಿನದಲ್ಲಿ ಕಾಲಿಗೆ ಕಷ್ಟ, ಮನಸ್ಸಿಗೆ ಸುಖ.

ಊರಲ್ಲಿ ಬಾಳೆ ನಾರಿನ ಕೆಲಸ ಮಾಡೋ ಹೆಣ್ಣುಮಕ್ಕಳಿದ್ದಾರೆ. ಗೊನೆ ಕಡಿದ ಮೇಲೆ ಬಿಸಾಕೋ ಬಾಳೆ ದಿಂಡಿನಿಂದ ನಾರು ತೆಗೆದು, ಒಣಗಿಸಿ, ಹೊಸೆದು ಬುಟ್ಟಿ, ಚೀಲ, ಚಾಪೆ ಮಾಡುತ್ತಾರೆ. ಅಕ್ಕನಿಗೆ ಒಂದು ಚೀಲ ತಗೊಂಡೆ. ಬೆಲೆ ಸ್ವಲ್ಪ ಜಾಸ್ತಿ ಅನಿಸಿತು, ಆದರೆ ಹಗ್ಗ ಹೊಸೆಯೋ ಕೈ ನೋಡಿದ ಮೇಲೆ ಚೌಕಾಸಿ ಮಾಡಲು ಬಾಯಿ ಬರಲಿಲ್ಲ.

ಖರ್ಚಿನ ಲೆಕ್ಕ ಕೇಳೋರಿಗೆ: ಬಸ್ಸು, ತಿಂಡಿ, ಚಹಾ, ತೆಂಗಿನಕಾಯಿ ಎಲ್ಲಾ ಸೇರಿ ಇಬ್ಬರಿಗೆ ಏಳುನೂರರ ಒಳಗೆ, ಚೀಲ ಬಿಟ್ಟು. ಭಾವನ ಫೋನು ಹದಿನಾಲ್ಕೂವರೆ ಕಿಲೋಮೀಟರ್ ತೋರಿಸಿತು, ದಾರಿ ತಪ್ಪಿದ್ದೂ ಅದರಲ್ಲೇ ಇದೆ. ಒಂಬತ್ತು ತಾಸು ಹಿಡಿಯಿತು. ನೀರು ತಲೆಗೆ ಎರಡು ಲೀಟರ್ ಒಯ್ಯಿರಿ, ನದಿ ಬಿಟ್ಟ ಮೇಲೆ ದುರ್ಗಾ ಗುಡಿವರೆಗೆ ಒಂದು ಅಂಗಡಿಯೂ ಸಿಗಲಿಲ್ಲ. ಮಾರ್ಚಿನಿಂದ ಜೂನ್ ತಿಂಗಳು ಮನೇಲೇ ಇರಿ, ಬಂಡೆಗಳು ಹಂಚಿನ ಹಾಗೆ ಕಾಯುತ್ತವೆ. ಗದ್ದೆ ಹಸಿರು ಬೇಕು ಅಂದರೆ ಸೆಪ್ಟೆಂಬರ್, ಅಕ್ಟೋಬರ್. ವಯಸ್ಸಾದವರು ಇದ್ದರೆ ಊರು, ಮಠ, ಮಂಟಪ, ಚಿಂತಾಮಣಿ ಇಷ್ಟು ಮಾಡಿ ವಾಪಸ್ ಬನ್ನಿ, ಅದೇ ಒಂದು ಸಣ್ಣ ಸುತ್ತು ಆಗುತ್ತದೆ.

ಜೀಪಿನ ನಡಿಗೆಗೆ ಐದಕ್ಕೆ ಒಂದೂವರೆ, ಅದೂ ಊಟ ಚೆನ್ನಾಗಿತ್ತು ಅಂತ. ಕಾಲಿನದಕ್ಕೆ ನಾಲ್ಕೂವರೆ. ಅರ್ಧ ಕಳೆದಿದ್ದು ಬೋರ್ಡು ಇಲ್ಲದ್ದಕ್ಕೆ ಮತ್ತು ಆ ಹೃದಯ ಬರೆದವನಿಗೆ.

ಸಂಜೆ ಅದೇ ಹೋಟೆಲಿಗೆ ಬಂದು ಬೆಂಚಿನ ಮೇಲೆ ಬಿದ್ದೆವು. ಮಿರ್ಚಿ ಮುಗಿದಿತ್ತು, ಚಹಾ ಇತ್ತು. ಅಜ್ಜಿ ಭಾವನ ಪ್ಯಾಂಟಿನ ಒಣಗಿದ ಕೆಸರು ನೋಡಿದಳು. 'ಬದು ಬಿಟ್ಟು ಇಳದ್ರೇನು?' ಅಂದಳು.